ಕಡಲೆಕಾಳಷ್ಟು ಕೆಂಪು ದೀಪ

ಕೊನೆಯ ಬೀದಿದೀಪ ಇರುವುದು ಹಿಟ್ಟಿನ ಗಿರಣಿಯ ಗೋಡೆಗೆ. ಅದನ್ನು ದಾಟಿದರೆ ಊರೂ ಮುಗಿಯಿತು, ಬೆಳಕೂ ಮುಗಿಯಿತು. ಅಲ್ಲಿಂದ ಕಾಲುವೆಯ ಮೋರಿಯವರೆಗೆ, ಮೋರಿಯ ತಿರುವು ಕಳೆದು ಹೊಸ ಬಡಾವಣೆಯ ಮೊದಲ ಮನೆ ಸಿಗುವವರೆಗೆ, ಗಾಡಿಯ ದೀಪ ಎಷ್ಟು ತೋರಿಸುತ್ತದೋ ಅಷ್ಟೇ ಪ್ರಪಂಚ. ಉಳಿದದ್ದೆಲ್ಲ ಕಪ್ಪು.

ಆ ರಾತ್ರಿ, ಎಲ್ಲರೂ ಕಿಡಿ ಎಂದು ಕರೆಯುವವನು ಬೈಕಿನಲ್ಲಿ ಗಿರಣಿ ದಾಟಿ, ಗೇರು ಬದಲಿಸಿ, ಕತ್ತೆತ್ತಿ ನೋಡಿದಾಗ ಮುಂದೆ ಒಂದು ಕೆಂಪು ದೀಪ ಹೋಗುತ್ತಿತ್ತು.

ದೊಡ್ಡದೇನಲ್ಲ, ಕಡಲೆಕಾಳಷ್ಟು. ಅತ್ತಿತ್ತ ಓಲಾಡದೆ, ಅವಸರವೇ ಗೊತ್ತಿಲ್ಲದವರ ಹಾಗೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕಿಡಿ ಆಕ್ಸಿಲರೇಟರ್ ತಿರುವಿದ. ದೀಪ ಹತ್ತಿರವಾಗಲಿಲ್ಲ. ಕೈ ಸಡಿಲಿಸಿದ. ದೀಪ ದೂರವೂ ಆಗಲಿಲ್ಲ. ಹಿಂದೆ ಬರುವವನ ಕೈಗೆ ತಕ್ಕ ಹಾಗೆ ತನ್ನ ಕೈ ಹೊಂದಿಸಿಕೊಂಡು, ಇಷ್ಟು ಅಂತರ ಕಾದುಕೊಂಡು ಗಾಡಿ ಓಡಿಸುವ ಮನುಷ್ಯ ಅವನಿಗೆ ಗೊತ್ತಿದ್ದಂತೆ ಲೋಕದಲ್ಲಿ ಒಬ್ಬನೇ ಇದ್ದ.

"ಅಣ್ಣಾ" ಎಂದ, ಹೆಲ್ಮೆಟ್ಟಿನೊಳಗೆ, ತನಗೇ ಕೇಳಿಸದಷ್ಟು ಮೆಲ್ಲಗೆ.

ಅಣ್ಣ ಸತ್ತು ಆಗಲೇ ಒಂದು ಮಳೆಗಾಲ ಕಳೆದಿತ್ತು. ಅಣ್ಣನ ಮಗಳು ಔಷಧಿ ಅಂಗಡಿಯ ಕೆಲಸ ಮುಗಿಸಿ, ಊಟದ ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಕಿಡಿಯ ಬೆನ್ನ ಹಿಂದೆಯೇ ಕೂತಿದ್ದಳು.

ಕಿಡಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವೆಲ್ಡಿಂಗ್ ಕೆಲಸದಿಂದ ಬಂದ ಹೆಸರು ಎಂದು ಅವನು ಹೇಳಿಕೊಳ್ಳುತ್ತಿದ್ದ. ಪಕ್ಕದ ಲೇತ್ ಅಂಗಡಿಯವನು ಹೇಳುತ್ತಿದ್ದದ್ದೇ ಬೇರೆ. "ಇವನಿಗೆ ರಾಡೂ ಬೇಡ, ಕರೆಂಟೂ ಬೇಡ. ಮುಂದೆ ನಿಂತು ಎರಡು ಮಾತು ಬೈದ್ರೆ ಸಾಕು, ಹತ್ಕೊಂಡು ಉರೀತಾನೆ. ಆ ಬಿಸಿಗೇ ಗೇಟು ಅಂಟ್ಕೊಳ್ಳುತ್ತೆ." ಸುಳ್ಳಲ್ಲ. ತಾನು ಕೂರಿಸಿದ ಗೇಟನ್ನು ಮನೆಯವರು ಸೊಟ್ಟ ಎಂದದ್ದಕ್ಕೆ ಅಲ್ಲೇ ಕಿತ್ತು ಹೆಗಲ ಮೇಲೆ ಹೊತ್ತು ವಾಪಸ್ ತಂದವನು ಅವನು. ಮದುವೆಯ ಮಾತು ಒಂದೇ ಸಲ ಬಂದಿತ್ತು. ಹುಡುಗಿಯ ಸೋದರಮಾವ ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿದ ಎಂದು ಕಿಡಿ ಜಗಳ ತೆಗೆದ. ಸಂಬಂಧ ಕಾರಿನ ಜೊತೆಗೇ ತಿರುಗಿಕೊಂಡು ಹೋಯಿತು. ಅಂದಿನಿಂದ ಅಣ್ಣನ ಮನೆಯ ಮೇಲಿನ ಕೋಣೆ, ಅತ್ತಿಗೆಯ ಕೈ ಊಟ, ಹಗಲೆಲ್ಲ ಅಣ್ಣನ ಜೊತೆ ವರ್ಕ್‌ಶಾಪು. ಇದೇ ಬದುಕು, ಇದರಲ್ಲಿ ಅವನಿಗೆ ಯಾವ ಕೊರತೆಯೂ ಕಂಡಿರಲಿಲ್ಲ.

ಅಣ್ಣ ಇವನಿಗೆ ತದ್ವಿರುದ್ಧ. ಮಾತು ಕಡಿಮೆ, ಕೈ ನಿಧಾನ. ಸಂಜೆ ಅಂಗಡಿಯ ಶಟರ್ ಎಳೆಯುವ ಮೊದಲು ಎರಡೂ ಗಾಡಿಗಳ ದೀಪದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಎದುರು ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದಿಟ್ಟಿದ್ದ. ಡಿಮ್ ಹಾಕಿದರೆ ಬೆಳಕು ಆ ಗೆರೆಯ ಕೆಳಗೇ ಬೀಳಬೇಕು. ಒಂದಂಗುಲ ಮೇಲೆ ಹೋದರೂ ಸ್ಪ್ಯಾನರ್ ತೆಗೆದುಕೊಂಡು ಕೂತುಬಿಡುತ್ತಿದ್ದ. "ನಮ್ಮ ದೀಪ ನಮ್ಮ ರಸ್ತೆಗೆ ಕಣೋ, ಎದುರಿನವನ ಕಣ್ಣಿಗಲ್ಲ" ಎನ್ನುತ್ತಿದ್ದ. ಹೈಬೀಮ್ ಹಾಕಿಕೊಂಡು ಮೈಮೇಲೆ ಬರುವ ಕಾರಿನವರಿದ್ದಾರಲ್ಲ, ಅವರನ್ನು ಹಿಡಿದು ತಂದು ಆ ಗೋಡೆಯ ಮುಂದೆ ನಿಲ್ಲಿಸಬೇಕಿತ್ತು.

ಇಬ್ಬರೂ ಬೇರೆ ಬೇರೆ ಕಡೆ ಕೆಲಸಕ್ಕೆ ಹೋಗಬೇಕಾಗುತ್ತಿದ್ದರಿಂದ ಇಬ್ಬರಿಗೂ ಒಂದೊಂದು ಗಾಡಿ. ಆದರೆ ರಾತ್ರಿ ಮನೆಗೆ ಹೋಗುವುದು ಮಾತ್ರ ಒಟ್ಟಿಗೆ. ಅಣ್ಣ ಮುಂದೆ, ಕಿಡಿ ಹಿಂದೆ. ಇದು ಯಾವತ್ತೂ ಬದಲಾಗಲಿಲ್ಲ. ಬದಲಾಗಿದ್ದರೆ ಕಿಡಿ ಮುಂದೆ ಹೋಗಿ ಯಾವ ಲಾರಿಯ ಬೆನ್ನಿಗೆ ಮುಖ ಕೊಡುತ್ತಿದ್ದನೋ, ಅಣ್ಣನಿಗೆ ಗೊತ್ತಿತ್ತು.

"ನನ್ನ ಹಿಂದಿನ ದೀಪ ನಿನಗೆ ಕಡಲೆಕಾಳಷ್ಟು ಕಾಣ್ಬೇಕು. ನಿಂಬೆಹಣ್ಣಷ್ಟು ಕಂಡ್ರೆ ಜಾಸ್ತಿ ಹತ್ತಿರ ಬಂದಿದ್ದೀಯ ಅಂತ ಅರ್ಥ."

"ತೆಂಗಿನಕಾಯಷ್ಟು ಕಂಡ್ರೆ?"

"ಆಮೇಲೆ ನಿನಗೇನೂ ಕಾಣಲ್ಲ ಬಿಡು."

ರಸ್ತೆ ತಿರುಗುವ ಜಾಗ ಬಂದರೆ, ಗುಂಡಿ ಬಂದರೆ, ದೀಪವಿಲ್ಲದೆ ನಿಂತ ಟ್ರೇಲರ್ ಕಂಡರೆ, ಅಣ್ಣ ಬ್ರೇಕನ್ನು ಮೆಲ್ಲಗೆ ಎರಡು ಸಲ ಒತ್ತುತ್ತಿದ್ದ. ಹಿಂದಿನ ದೀಪ ಎರಡು ಸಲ ಮಿಣುಕುತ್ತಿತ್ತು. ಜೋಪಾನ ಎಂದು ಅದರ ಅರ್ಥ. ಕಾಲುವೆಯ ಮೋರಿಯ ಹತ್ತಿರ ರಸ್ತೆ ಹೇಳದೆ ಕೇಳದೆ ಎಡಕ್ಕೆ ತಿರುಗುತ್ತದೆ. ಅಲ್ಲಂತೂ ಅಣ್ಣ ಮಿಣುಕಿಸದೆ ಹೋದ ದಿನವೇ ಇಲ್ಲ. ಕಿಡಿಗೆ ಆ ರಸ್ತೆಯೆಂದರೆ ರಸ್ತೆಯಾಗಿರಲಿಲ್ಲ, ಆ ದೀಪವಾಗಿತ್ತು. ಅದು ಹೋದ ಕಡೆ ಹೋದರೆ ಮನೆ ಸಿಗುತ್ತಿತ್ತು.

ರಸ್ತೆಯಲ್ಲಿ ಅಷ್ಟೆಲ್ಲ ಜೋಪಾನ ಮಾಡಿದ ಮನುಷ್ಯ ಸತ್ತದ್ದು ಹಾಡುಹಗಲಲ್ಲಿ, ವರ್ಕ್‌ಶಾಪಿನ ಸ್ಟೂಲಿನ ಮೇಲೆ. ಊಟದ ಡಬ್ಬಿ ತೆಗೆದವನು ಎದೆ ಹಿಡಿದುಕೊಂಡ. "ಒಂಚೂರು ನೀರು ಕೊಡೋ" ಎಂದ. ಕಿಡಿ ನೀರು ತರುವಷ್ಟರಲ್ಲಿ ಕುಡಿಯುವವನು ಇರಲಿಲ್ಲ.

ಅಣ್ಣನ ಗಾಡಿಯನ್ನು ಅತ್ತಿಗೆ ಮೆಟ್ಟಿಲ ಕೆಳಗೆ ನಿಲ್ಲಿಸಿ ಹಳೆಯ ಬೆಡ್‌ಶೀಟು ಹೊದಿಸಿದಳು. ಅದರ ಕೀಲಿಗಾಗಿ ಮನೆಯಲ್ಲಿ ಯುದ್ಧವೇ ಆಯಿತು. ಅಣ್ಣನ ಮಗಳಿಗೆ ಗಾಡಿ ಬರುತ್ತಿತ್ತು, ಅಣ್ಣನೇ ಕಲಿಸಿದ್ದ. ವಾದ ಮಾಡುವುದರಲ್ಲಿ ಅವಳನ್ನು ಗೆಲ್ಲುವವರಿರಲಿಲ್ಲವಾದ್ದರಿಂದ ಕಿಡಿ ಅವಳನ್ನು ಚಿಕ್ಕಂದಿನಿಂದಲೂ ವಕೀಲರೇ ಎಂದು ಕರೆಯುತ್ತಿದ್ದ.

"ಅಪ್ಪನ ಗಾಡಿ ತಗೊಂಡು ನಾನೇ ಹೋಗಿ ನಾನೇ ಬರ್ತೀನಿ ಚಿಕ್ಕಪ್ಪ. ನೀನ್ಯಾಕೆ ಅಂಗಡಿ ಮುಚ್ಚಿ ನನಗೋಸ್ಕರ ಕಾಯ್ತೀಯ?"

"ಹಗಲು ಎಲ್ಲಿಗಾದ್ರೂ ಹೋಗಿ ವಕೀಲರೇ. ರಾತ್ರಿ ಆ ರಸ್ತೆಯಲ್ಲಿ ಒಬ್ಬಳೇ ಬರೋ ಮಾತು ನನ್ನ ಮುಂದೆ ಆಡಬೇಡಿ."

"ನಾನು ಅಪ್ಪನ ಹತ್ರ ಕಲಿತಿದ್ದು. ನೀನು ಅಪ್ಪನ ಹಿಂದೆ ಬಂದಿದ್ದು ಅಷ್ಟೇ."

ಈ ಮಾತಿಗೆ ಕಿಡಿ ಹತ್ತಿಕೊಂಡು ಉರಿದ. ಕೊನೆಗೆ ಅತ್ತಿಗೆ ಬಂದು ಕೀಲಿಯನ್ನು ಕಪಾಟಿನಲ್ಲಿಟ್ಟಳು. "ನಿಮ್ಮ ಚಿಕ್ಕಪ್ಪ ಕರ್ಕೊಂಡು ಬರ್ತಾನೆ. ಮುಗೀತು. ನನಗೆ ಉಳಿದಿರೋದು ನೀನೊಬ್ಳೇ" ಎಂದಳು. ಆಮೇಲೆ ಕಿಡಿಯ ಕಡೆ ತಿರುಗಿ, "ಅವಳನ್ನ ನಿನ್ನ ಕೈಲಿ ಕೊಟ್ಟಿದ್ದೀನಪ್ಪ" ಎಂದಳು. ಅಷ್ಟೇ ಹೇಳಿದ್ದು. ಕಿಡಿಗೆ ಆ ಮಾತು ಕಬ್ಬಿಣಕ್ಕೆ ಹಾಕಿದ ಬೆಸುಗೆಯ ಹಾಗೆ ಕೂತುಬಿಟ್ಟಿತು.

ಹೀಗೆ ಅವನು ದಿನಾ ರಾತ್ರಿ ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕಾಯತೊಡಗಿದ. ದೀಪ ಕಾಣಿಸಿದ್ದು ಇದಾದ ಮೇಲೆ.

ಮೊದಲ ಸಲ ಹೆದರಿದ್ದ. ಎರಡನೆಯ ಸಲ ಹೆದರಲಿಲ್ಲ. ಆಮೇಲೆ ಆಮೇಲೆ, ಸಂಜೆಯಾದರೆ ಸಾಕು, ಗಿರಣಿಯ ಗೋಡೆ ಯಾವಾಗ ಬರುತ್ತದೋ ಎಂದು ಕಾಯುವಂತಾದ. ಬೀದಿದೀಪ ಇರುವವರೆಗೆ ಏನೂ ಇರುತ್ತಿರಲಿಲ್ಲ. ಕತ್ತಲೆಗೆ ಇಳಿದೊಡನೆ ಅದು ಇರುತ್ತಿತ್ತು, ಇವನಿಗಾಗಿಯೇ ತಡೆದು ನಿಂತಿದ್ದ ಹಾಗೆ. ಕನ್ನಡಿಯ ಕಡೆ ಕಣ್ಣು ಹೊರಳಿಸಿದರೆ ರಸ್ತೆಯಿಂದ ಮರೆಯಾಗುತ್ತಿತ್ತು. ಮತ್ತೆ ರಸ್ತೆ ನೋಡಿದರೆ ಮತ್ತೆ ಬರುತ್ತಿತ್ತು. ಮೋರಿಯ ಹತ್ತಿರ ಕಿಡಿ ಎಡಕ್ಕೆ ನೋಡಿದರೆ ಅದೂ ಎಡಕ್ಕೆ ಹೊರಳಿ ಅವನ ಮುಂದೆ ಮುಂದೆ ಮನೆಯವರೆಗೂ ಹೋಗುತ್ತಿತ್ತು. ಒಂದೇ ಒಂದು ವ್ಯತ್ಯಾಸ ಅವನ ಮನಸ್ಸನ್ನು ಚುಚ್ಚಿತ್ತು. ಈ ದೀಪ ಎಲ್ಲಿಯೂ ಮಿಣುಕುತ್ತಿರಲಿಲ್ಲ. ಸತ್ತವನಿಗೆ ಬ್ರೇಕಿನ ಹಂಗೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗಿಬಿಡುತ್ತದೆ ಎಂಬ ಭಯ. ಒಬ್ಬನೇ ಒಳಗೊಳಗೆ ಬೆಚ್ಚಗಾದ. ಜಗಳ ಕಡಿಮೆಯಾಯಿತು. ಗೇಟು ಸೊಟ್ಟ ಎಂದವರಿಗೆ, "ಇರಿ, ಸರಿ ಮಾಡ್ಕೊಡ್ತೀನಿ" ಎನ್ನತೊಡಗಿದ. ಲೇತಿನವನು ಬಂದು ಹಣೆ ಮುಟ್ಟಿ ನೋಡಿದ.

"ಜ್ವರ ಇಲ್ಲ. ಏನಾಯ್ತು ನಿನಗೆ? ಈ ಬೀದಿಯಲ್ಲಿ ಜಗಳ ನೋಡದೆ ನಮಗೆ ಊಟ ಸೇರ್ತಾ ಇಲ್ಲ."

"ಬೇಕಿದ್ರೆ ನಿನ್ನ ಜೊತೆನೇ ಶುರು ಮಾಡ್ತೀನಿ, ಬಾ."

"ಹಾಂ, ಈಗ ಸರಿ ಹೋಯ್ತು."

ಆದರೆ ಕಿಡಿಯ ಕಣ್ಣು ಮಾತ್ರ ಯಾವಾಗಲೂ ಕೆಂಪಗಿರುತ್ತಿತ್ತು. ರಾತ್ರಿ ಮರಳು ಹೊಯ್ದ ಹಾಗೆ ಉರಿಯುತ್ತಿತ್ತು, ನೀರು ಸುರಿಯುತ್ತಿತ್ತು. ಅಣ್ಣನನ್ನು ನೆನೆದು ಅಳುತ್ತಾನೆ ಎಂದುಕೊಂಡು ಅತ್ತಿಗೆ ತಟ್ಟೆ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಅಣ್ಣನ ಮಗಳು ಅಂಗಡಿಯಿಂದ ಕಣ್ಣಿಗೆ ಹಾಕುವ ಹನಿ ತಂದು ಕೊಟ್ಟಳು. "ಇದು ಉರಿಗೆ ಅಷ್ಟೇ. ಡಾಕ್ಟರಿಗೆ ತೋರಿಸು ಚಿಕ್ಕಪ್ಪ" ಎಂದಳು. ಅವನು ಹೂಂ ಎಂದ, ಹೋಗಲಿಲ್ಲ.

ಕಣ್ಣು ಯಾಕೆ ಉರಿಯುತ್ತಿದೆಯೆಂದು ಅವನಿಗೆ ಗೊತ್ತಿತ್ತು. ವೆಲ್ಡಿಂಗಿನವರಿಗೆ ಅದು ಹೊಸದಲ್ಲ. ಮೊದಲು ಅಣ್ಣ ಎರಡು ಕೈಯಿಂದ ಕಬ್ಬಿಣದ ಪಟ್ಟಿ ಹಿಡಿದು ನಿಲ್ಲುತ್ತಿದ್ದ. ಕಿಡಿ ಬಲಗೈಯಲ್ಲಿ ರಾಡು ಸಿಕ್ಕಿಸಿದ ಹೋಲ್ಡರು, ಎಡಗೈಯಲ್ಲಿ ಕರಿಗಾಜಿನ ಮರೆ ಹಿಡಿದು ಬೆಸೆಯುತ್ತಿದ್ದ. ಈಗ ಪಟ್ಟಿ ಹಿಡಿಯುವವರಿಲ್ಲ. ಎಡಗೈ ಪಟ್ಟಿಗೆ ಹೋಯಿತು, ಬಲಗೈ ಹೋಲ್ಡರಿಗೆ. ಕರಿಗಾಜು ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಕೆಲಸಕ್ಕೆ ಜನ ಬಂದರು, ಅಣ್ಣನ ಜಾಗದಲ್ಲಿ ಯಾರೋ ನಿಂತದ್ದನ್ನು ನೋಡಲಾರದೆ ಎಲ್ಲರನ್ನೂ ಬೈದು ಓಡಿಸಿದ. ತಲೆಗೆ ಹಾಕಿಕೊಳ್ಳುವ ಮುಖವಾಡ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿಕೊಂಡರೆ ತಲೆಗೆ ಬಕೆಟ್ಟು ಕವುಚಿಕೊಂಡ ಹಾಗಿರುತ್ತದೆ ಎಂದು ಮೊದಲಿನಿಂದಲೂ ಮೂಗು ಮುರಿದವನು. ಹಾಗಾಗಿ ತುಂಡುಗಳನ್ನು ಮೊದಲು ಚುಕ್ಕೆ ಚುಕ್ಕೆಯಾಗಿ ಅಂಟಿಸುವಾಗ ಬರಿಗಣ್ಣಿನಲ್ಲೇ ಗುರಿಯಿಟ್ಟು, ಬೆಸುಗೆಯ ಬೆಂಕಿ ಹಾರುವ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದ. ಮುಚ್ಚುವಷ್ಟರಲ್ಲಿ ಬೆಳಕು ಒಳಗೆ ಹೋಗಿಯಾಗಿರುತ್ತಿತ್ತು.

ಹಿಂದೆ ಕೂತವಳಿಗೆ ಬೇರೆಯದೇ ದಿಗಿಲು ಶುರುವಾಗಿತ್ತು. ಚಿಕ್ಕಪ್ಪ ಎದುರು ಗಾಡಿ ಬಂದರೂ ಡಿಮ್ ಮಾಡುವುದಿಲ್ಲ. ರಸ್ತೆಯ ಎಡ ಅಂಚಿನ ಬಿಳಿ ಗೆರೆ ಬಿಟ್ಟು ನಡುವಿಗೆ ಸರಿಯುತ್ತಾನೆ. ಮಾತಾಡಿಸಿದರೆ ಓ ಎನ್ನುವುದಿಲ್ಲ. ಒಂದು ರಾತ್ರಿಯಂತೂ ಅವನು ಹೆಲ್ಮೆಟ್ಟಿನೊಳಗೆ ಯಾರ ಜೊತೆಗೋ, "ಬಂದೆ, ಬಂದೆ, ನೀನು ಹೋಗ್ತಿರು" ಎಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಯಾರಿಗೆ ಹೇಳ್ತಿದ್ದೀಯ ಚಿಕ್ಕಪ್ಪ?"

"ಯಾರಿಗೂ ಇಲ್ಲ. ಸುಮ್ನೆ ಕೂತ್ಕೋ."

ವಕೀಲರೇ ಎನ್ನಲಿಲ್ಲ. ಅವಳು ಚೀಲವನ್ನು ಎದೆಗೆ ಅವುಚಿಕೊಂಡು ಕೂತಳು. ಚಿಕ್ಕಪ್ಪನ ಭುಜದ ಆಚೆ ಇಣುಕಿ ನೋಡಿದರೆ ಅವಳಿಗೆ ಖಾಲಿ ರಸ್ತೆ, ಅದರಾಚೆ ಖಾಲಿ ಕತ್ತಲೆ.

ಅದು ನಡೆದದ್ದು ಒಂದು ಮನೆಯ ಮೆಟ್ಟಿಲಿಗೆ ಕಂಬಿ ಕೂರಿಸಿದ ದಿನ. ಮೆಟ್ಟಿಲಿಗೊಂದು ಸರಳು, ಸರಳಿಗೆ ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ. ಬೆಳಗಿನಿಂದ ಸಂಜೆಯವರೆಗೆ ಬರಿಗಣ್ಣಿನಲ್ಲೇ ಅಂಟಿಸಿದ. ಆ ರಾತ್ರಿ ಗಿರಣಿಯ ಗೋಡೆ ದಾಟಿದಾಗ ದೀಪ ಎಂದಿಗಿಂತ ಕೆಂಪಾಗಿ, ಎಂದಿಗಿಂತ ದೊಡ್ಡದಾಗಿ ಕಂಡಿತು. ಅಣ್ಣ ಇವತ್ತು ನಿಧಾನ ಮಾಡಿದ್ದಾನೆ, ಹತ್ತಿರ ಬರಗೊಡುತ್ತಿದ್ದಾನೆ ಎಂದುಕೊಂಡ. ಎದೆ ಹಗುರವಾಯಿತು. ಕೈ ತಾನಾಗಿ ತಿರುವಿತು. ಹಿಂದೆ ಒಬ್ಬಳು ಕೂತಿದ್ದಾಳೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಮೋರಿಯ ಕಡೆಯಿಂದ ಒಂದು ಕಾರು ಬಂತು. ಹೈಬೀಮ್. ರಸ್ತೆ, ಗೆರೆ, ಮರ ಎಲ್ಲವನ್ನೂ ಆ ಬಿಳಿ ಬೆಳಕು ನುಂಗಿತು. ಹೀಗಾದಾಗ ಏನು ಮಾಡಬೇಕೆಂದು ಅಣ್ಣ ನೂರು ಸಲ ಹೇಳಿದ್ದ. ಆಕ್ಸಿಲರೇಟರ್ ಬಿಡು, ಎದುರು ಬೆಳಕನ್ನು ನೋಡಬೇಡ, ರಸ್ತೆಯ ಎಡ ಅಂಚು ನೋಡು. ಕಿಡಿ ಎಡ ಅಂಚು ನೋಡಲಿಲ್ಲ. ಕಾರು ಹಾದುಹೋದ ಮೇಲೆ ಕವಿದ ಗಾಢ ಕತ್ತಲಲ್ಲಿ ಅವನಿಗೆ ಕಂಡದ್ದು ದೀಪ ಒಂದೇ. ಅದು ನೇರ ಹೋಗುತ್ತಿತ್ತು. ಅವನೂ ನೇರ ಹೋದ.

"ಚಿಕ್ಕಪ್ಪಾ! ತಿರುವು! ತಿರುವು!"

"ಅಣ್ಣ ಮಿಣುಕಿಸಿಲ್ಲ ಇನ್ನೂ..."

"ಎಲ್ಲಿ ಅಪ್ಪ? ಬ್ರೇಕ್ ಹಿಡಿ!"

ಅವಳು ಅವನ ಹೆಗಲಿಗೆ ಮುಷ್ಟಿಯಿಂದ ಗುದ್ದಿದಳು. ಏಟಿಗೆ ಅವನ ಮುಖ ಹೊರಳಿತು. ಮುಖ ಹೊರಳಿದ ಕಡೆಗೆ ದೀಪವೂ ಹೊರಳಿತು, ಅದು ಇದ್ದ ಜಾಗದಲ್ಲಿ ಮೋರಿಯ ಕಲ್ಲುಗೋಡೆ ಬೆಳ್ಳಗೆ ಎದ್ದು ನಿಂತಿತ್ತು. ಎರಡೂ ಬ್ರೇಕು ಹಿಡಿದ. ಗಾಡಿ ಜಲ್ಲಿಯ ಮೇಲೆ ಜಾರಿ, ಬಾಲ ಬೀಸಿ, ಬಾಗಿ, ಗೋಡೆಗೆ ಒಂದು ಮೊಳ ಇರುವಾಗ ಮಲಗಿತು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಊಟದ ಡಬ್ಬಿ ಠಣ್ ಠಣ್ ಎಂದು ಉರುಳುತ್ತ ಹೋಯಿತು. ಕೆಳಗೆ ಕಾಲುವೆಯಲ್ಲಿ ಬಿದ್ದ ಸದ್ದು ಸ್ವಲ್ಪ ತಡವಾಗಿ ಕೇಳಿಸಿತು. ಆ ತಡ ಎಷ್ಟು ಆಳದ್ದು ಎಂದು ಇಬ್ಬರಿಗೂ ಅರ್ಥವಾಯಿತು.

ಅವಳ ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಕಿಡಿ ಎದ್ದು ನಿಂತವನು ಅವಳ ತಲೆ, ಕೈ, ಕಾಲು ಎಲ್ಲ ತಡವಿ ನೋಡಿದ.

"ಅಣ್ಣ ಆಗಿದ್ರೆ ಮಿಣುಕಿಸ್ತಿದ್ದ" ಎಂದ. "ಇಲ್ಲಿ ಮಿಣುಕಿಸದೆ ಅವನು ಯಾವತ್ತೂ ಹೋದವನಲ್ಲ. ನಾನು ಹಿಂದೆ ಇದ್ದೀನಿ ಅಂತ ಗೊತ್ತಿದ್ದೂ... ನೀನು ಹಿಂದೆ ಇದ್ದೀಯ ಅಂತ ಗೊತ್ತಿದ್ದೂ..."

"ಚಿಕ್ಕಪ್ಪ, ಏನ್ ಹೇಳ್ತಿದ್ದೀಯ? ನನಗೆ ಹೆದರಿಕೆ ಆಗ್ತಿದೆ."

ಅವನು ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ, ನಗಲಿಲ್ಲ. ತರಚಿದ ಮೊಣಕೈಗೆ ಉಫ್ ಎಂದು ಊದಿಕೊಂಡಳು. ಆಮೇಲೆ ಬಾಗಿ ಬಿದ್ದ ಗಾಡಿಯ ಕೀಲಿ ತಿರುಗಿಸಿ ದೀಪ ಆರಿಸಿದಳು. ಎಲ್ಲ ಕಡೆ ಕತ್ತಲೆ.

"ಈಗ ಇದೆಯಾ?"

"ಇದೆ. ಮೋರಿಯ ಆಚೆ ನಿಂತಿದೆ."

"ಗದ್ದೆ ಕಡೆ ನೋಡು."

ಅವನು ಗದ್ದೆಯ ಕಡೆ ತಿರುಗಿದ. ಕೆಂಪು ದೀಪ ಗದ್ದೆಯ ನಡುವೆ ಇತ್ತು.

"ಬಂದ ದಾರಿ ನೋಡು."

ಅಲ್ಲಿಯೂ ಇತ್ತು.

"ಮೇಲೆ ನೋಡು ಚಿಕ್ಕಪ್ಪ."

ಅವನು ಆಕಾಶ ನೋಡಿದ. ನಕ್ಷತ್ರಗಳ ನಡುವೆ ಕಡಲೆಕಾಳಷ್ಟು ಕೆಂಪು ಚುಕ್ಕೆ ನಿಂತಿತ್ತು. ಕಣ್ಣು ಮುಚ್ಚಿದ. ಕಣ್ಣಿನೊಳಗೆ ಇತ್ತು.

ಕಿಡಿ ಮೋರಿಯ ಗೋಡೆಯ ಮೇಲೆ ಕುಸಿದು ಕೂತ. ಎಷ್ಟೋ ವರ್ಷ ಬೆಸುಗೆ ಮಾಡಿದವನು, ಅದರ ಬೆಳಕನ್ನು ನೋಡಿದ ಮೇಲೆ ಕಣ್ಣಿನಲ್ಲಿ ಚುಕ್ಕೆ ಉಳಿಯುವುದು ಅವನಿಗೆ ಗೊತ್ತಿಲ್ಲದ್ದೇ? ಆದರೆ ಅವನು ಅದನ್ನು ಅಲ್ಲಿ ಹುಡುಕಿರಲೇ ಇಲ್ಲ. ಪಟ್ಟಿ ಹಿಡಿಯಲು ಅಣ್ಣನ ಕೈ ಇಲ್ಲವಾಗಿ ಕಣ್ಣು ಸುಟ್ಟಿತು. ಸುಟ್ಟ ಆ ಜಾಗವನ್ನೇ ಅವನು ಅಣ್ಣ ಎಂದು ನಂಬಿದ್ದ. ಈ ಸಲ ಅವನ ಕಣ್ಣಿನಿಂದ ಸುರಿದದ್ದು ಬರಿಯ ಉರಿಯ ನೀರಲ್ಲ.

"ಅವನು ಸತ್ತಾಗ ಇಷ್ಟು ಆಗಿರಲಿಲ್ಲ ನನಗೆ" ಎಂದ.

ಅವಳು ಪಕ್ಕದಲ್ಲಿ ಕೂತು ಅವನ ತೋಳು ಹಿಡಿದುಕೊಂಡಳು. ಮನೆಗೆ ಇಬ್ಬರೂ ಗಾಡಿ ತಳ್ಳಿಕೊಂಡೇ ಹೋದರು.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಮಗಳ ಮೊಣಕೈ ಕಂಡು ಅವಳ ಮುಖ ಬಿಳುಚಿಕೊಂಡಿತು. ಮುಚ್ಚಿಡುವ ಅಭ್ಯಾಸ ಕಿಡಿಗೆ ಇರಲಿಲ್ಲ, ಮುಚ್ಚಿಟ್ಟ ಒಂದೇ ಒಂದರಿಂದ ಇಷ್ಟಾಗಿತ್ತು. ನಿಂತಲ್ಲೇ ಪೂರ್ತಿ ಹೇಳಿದ. ಬೈಯುತ್ತಾಳೆ, ಮನೆಯಿಂದ ಹೊರಗೆ ಹೋಗು ಎನ್ನುತ್ತಾಳೆ ಎಂದು ತಲೆ ತಗ್ಗಿಸಿಕೊಂಡು ಕಾದ. ಅವಳು ಮಗಳ ಮೊಣಕೈಯನ್ನು ಸೆರಗಿನಿಂದ ಒರೆಸಿದಳು.

"ಇಷ್ಟು ದಿನ ನೀನು ಅವರನ್ನ ನೋಡ್ತಿದ್ದೆ. ನನಗೊಂದು ಮಾತು ಹೇಳಲಿಲ್ಲ ಅಲ್ವಾ ನೀನು."

"ಅತ್ತಿಗೆ, ಅದು ಅವನಲ್ಲ. ನನ್ನ ಕಣ್ಣಿನ ದೋಷ."

"ಗೊತ್ತಾಯ್ತಪ್ಪ. ಆದ್ರೂ ಒಂದು ದಿನ ನನ್ನನ್ನೂ ಹಿಂದೆ ಕೂರಿಸ್ಕೊಂಡು ಹೋಗಬಹುದಿತ್ತು."

ಅವಳು ಒಳಗೆ ಹೋದಳು. ಕಿಡಿಗೆ ಅವಳು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕಪಾಟು ತೆರೆದ ಸದ್ದು ಕೇಳಿತು. ಅತ್ತಿಗೆ ಹೊರಗೆ ಬಂದು ಅಣ್ಣನ ಗಾಡಿಯ ಕೀಲಿಯನ್ನು ಮಗಳ ಕೈಗೆ ಕೊಡದೆ ಕಿಡಿಯ ಮುಂದೆ ಹಿಡಿದಳು.

"ನೀನೇ ಕೊಡು ಅವಳಿಗೆ. ನಾನು ಕೊಟ್ರೆ ನಾಳೆ ನೀನು ಜಗಳ ತೆಗೀತೀಯ."

ಕಿಡಿ ಕೀಲಿ ತೆಗೆದುಕೊಂಡ. ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ತಗೊಳ್ಳಿ ವಕೀಲರೇ, ನೀವೇ ಗೆದ್ರಿ" ಎಂದ.

ಕಣ್ಣಿನ ಡಾಕ್ಟರು ಮುಂದಿನ ವಾರ ದೀಪ ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಒಂದು ಚುಕ್ಕೆ ಸುಟ್ಟಿದೆ, ಬರಬರುತ್ತ ಮಾಸಬಹುದು, ಪೂರ್ತಿ ಹೋಗದೆ ಉಳಿದರೂ ಉಳಿಯಬಹುದು, ಅಲ್ಲಿಯವರೆಗೆ ರಾತ್ರಿ ಗಾಡಿ ಮುಟ್ಟಬೇಡಿ, ಬರಿಗಣ್ಣಿನಲ್ಲಿ ವೆಲ್ಡಿಂಗ್ ಮಾಡಲೇಬೇಡಿ ಎಂದರು. ಕಿಡಿ ದಾರಿಯಲ್ಲೇ ತಲೆಗೆ ಹಾಕುವ ಮುಖವಾಡ ಕೊಂಡುಕೊಂಡ. ಲೇತಿನವನು ಅದನ್ನು ನೋಡಿ, "ಬಕೆಟ್ಟು ಚೆನ್ನಾಗಿದೆ. ಹಿಡಿ ಎಲ್ಲಿ?" ಎಂದ. ಅವತ್ತು ಬೀದಿಗೆ ಬೇಕಾದಷ್ಟು ಜಗಳ ಸಿಕ್ಕಿತು.

ಆ ಸಂಜೆ ಕತ್ತಲಾದ ಮೇಲೆ ಅಣ್ಣನ ಗಾಡಿ ಔಷಧಿ ಅಂಗಡಿಯಿಂದ ವರ್ಕ್‌ಶಾಪಿನ ಮುಂದೆ ಬಂದು ನಿಂತಿತು. ಇಷ್ಟು ದಿನ ಇವನು ಅವಳಿಗೆ ಕಾಯುತ್ತಿದ್ದ, ಈಗ ಅವಳು ಇವನನ್ನು ಕರೆದೊಯ್ಯಲು ಬಂದಿದ್ದಳು. ಕಿಡಿ ಒದ್ದೆ ಬಟ್ಟೆ ತಂದು ಮುಂದಿನ ಗಾಜು ಒರೆಸಿದ, ಹಿಂದಿನ ಕೆಂಪು ಗಾಜನ್ನು ಇನ್ನೂ ಹೆಚ್ಚು ಹೊತ್ತು ಒರೆಸಿದ. ಗೋಡೆಯ ಕಡೆ ತಿರುಗಿಸಿ ಡಿಮ್ ಹಾಕಿಸಿದ. ಸೀಮೆಸುಣ್ಣದ ಗೆರೆ ಅರೆ ಮಾಸಿತ್ತು, ಬೆಳಕು ಅದರ ಕೆಳಗೇ ಬಿತ್ತು. ಅವಳ ಹೆಲ್ಮೆಟ್ಟಿನ ಮುಂದಿನ ಗಾಜು ಕಪ್ಪಿದೆಯೋ ಎಂದು ನೋಡಿದ. ಕಪ್ಪಿರಲಿಲ್ಲ. ಬೈಯಲು ಏನೂ ಸಿಗದೆ ಹಿಂದೆ ಹತ್ತಿ ಕೂತ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

"ಬೆಳಕು ಬೀಳೋ ದೂರದೊಳಗೆ ನಿಲ್ಲಿಸೋಕೆ ಆಗ್ಬೇಕು, ಅಷ್ಟೇ ವೇಗ."

"ಗೊತ್ತು ಚಿಕ್ಕಪ್ಪ."

"ಒಂಟಿ ದೀಪ ಬಂದ್ರೆ ಬೈಕು ಅಂದ್ಕೋಬೇಡ, ಲಾರಿ ಅಂದ್ಕೋ."

"ಗೊತ್ತು. ಇನ್ನು ಮಾತಾಡಿದ್ರೆ ಗಿರಣಿ ಹತ್ರ ಇಳಿಸಿ ಹೋಗ್ತೀನಿ."

ಕೊನೆಯ ಬೀದಿದೀಪ ಹಿಂದಾಯಿತು. ಕಿಡಿಯ ಕಣ್ಣ ಮುಂದೆ ಈಗ ರಸ್ತೆ ಇರಲಿಲ್ಲ, ಅಣ್ಣನ ಮಗಳ ಹೆಲ್ಮೆಟ್ಟಿನ ಹಿಂಬದಿ ಇತ್ತು. ಕೆಂಪು ಚುಕ್ಕೆ ಬಂದು ಅದರ ಮೇಲೆಯೇ ಕೂತಿತು. ಅವನು ಅದನ್ನು ಮಾತಾಡಿಸಲಿಲ್ಲ. ಗಾಡಿ ಎಡ ಅಂಚಿನ ಬಿಳಿ ಗೆರೆ ಹಿಡಿದು, ಅವಸರವೇ ಗೊತ್ತಿಲ್ಲದವರ ಹಾಗೆ ಹೋಗುತ್ತಿತ್ತು. ಆ ನಡೆ ಅವನಿಗೆ ಗೊತ್ತಿದ್ದ ನಡೆ. ಇಷ್ಟು ವರ್ಷ ಅದನ್ನು ಹಿಂದಿನಿಂದ ನೋಡಿದ್ದ, ಮೊದಲ ಸಲ ಅದರ ಮೇಲೆ ಕೂತಿದ್ದ.

ಮೋರಿ ಬಂತು. ಅವಳು ಕೈ ಸಡಿಲಿಸಿದಳು. ಆಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಸಲ ಒತ್ತಿದಳು. ಹಿಂದಿನ ಕತ್ತಲೆ ಎರಡು ಸಲ ಕೆಂಪಾಗಿ ಕಪ್ಪಾಯಿತು. ಕಿಡಿ ಅವಳ ಭುಜದ ಕಡೆ ಬಾಗಿದ.

"ಹಿಂದೆ ಯಾರೂ ಇಲ್ಲ ಕಣೇ. ಯಾರಿಗೆ ತೋರಿಸ್ದೆ?"

"ಯಾರಾದ್ರೂ ಇದ್ದಾರಾ ಅಂತ ನೋಡಿ ತೋರಿಸೋದಲ್ಲ ಅಂತಿದ್ರು ಅಪ್ಪ. ಕತ್ತಲಲ್ಲಿ ಯಾರು ಬರ್ತಿರ್ತಾರೋ ನಮಗೇನು ಗೊತ್ತು, ತೋರಿಸಿಬಿಡಬೇಕು ಅಂತ."

ತಿರುವು ಕಳೆಯಿತು. ಕಿಡಿ ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡಿದ. ಖಾಲಿ ಕತ್ತಲೆ. ಅದರ ನಡುವೆ ಕಡಲೆಕಾಳಷ್ಟು ಕೆಂಪು ಚುಕ್ಕೆ, ಹತ್ತಿರವೂ ಬರದೆ, ದೂರವೂ ಉಳಿಯದೆ, ಹಿಂದೆ ಬರುತ್ತಿತ್ತು. ಅದು ತನ್ನ ಕಣ್ಣಿನ ಗಾಯ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೊಸ ಬಡಾವಣೆಯ ಮೊದಲ ಮನೆಯ ಬೆಳಕು ಬರುವವರೆಗೆ ಅವನು ಹಾಗೆಯೇ ಹಿಂದೆ ತಿರುಗಿ ಕೂತಿದ್ದ.